ಮಗುಚಿದ ಸ್ಟೂಲನ್ನು ವಾಪಸು ಕೊಡಿ

ದೋಣಿ ಸಾರಿಗೆ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ದೋಣಿ ಕಡವಿನಲ್ಲಿ ತೂಗುವ "ಅಡ್ವರ್ಸ್ ಪರಿಸ್ಥಿತಿಯ ಕಾರಣ ಸೇವೆಯಲ್ಲಿ ವ್ಯತ್ಯಯ" ಎಂಬ ಬೋರ್ಡು ನನ್ನ ಅಕ್ಕನ ಕೊನೆಯ ಮಾತು ನನಗೆ ಸಿಗದಂತೆ ಮಾಡಿತು. ಅದನ್ನು ಇಳಿಸಿ ಎಂದು ಕೇಳಲು ಈ ಪತ್ರ.

ಅಡ್ವರ್ಸ್ ಎಂಬ ಪದದ ಅರ್ಥ ಗೊತ್ತಿಲ್ಲದ ಹೆಂಗಸು ಎಂದು ತಾವು ಮರುಗಬೇಕಿಲ್ಲ. ಹೊಲಿಗೆಯವಳಾದರೂ ನಿಘಂಟು ನೋಡಬಲ್ಲೆ. ಪ್ರತಿಕೂಲ, ಅನುಕೂಲವಲ್ಲದ್ದು ಎಂದಿದೆ. ಸರಿ, ಯಾರಿಗೆ ಅನುಕೂಲವಲ್ಲ? ಎಷ್ಟು ಹೊತ್ತು? ಬಿರುಗಾಳಿಗೂ ಅದೇ ಪದ, ಚಾಲಕರ ಹಲ್ಲುನೋವಿಗೂ ಅದೇ ಪದ. ಈ ಪದದಷ್ಟು ದುಡಿಯುವ ನೌಕರ ತಮ್ಮ ಕಚೇರಿಯಲ್ಲಿ ಇನ್ನೊಬ್ಬನಿರಲಾರ.

ಮೊದಲು ಬೋರ್ಡಿರಲಿಲ್ಲ. ದೋಣಿ ಇಲ್ಲದ ದಿನ ಟಿಕೆಟಿನವರು ತಾವು ಕೂರುವ ಸ್ಟೂಲನ್ನು ಕಿಟಕಿಯ ಮುಂದೆ ಮಗುಚಿಡುತ್ತಿದ್ದರು. ದೂರದಿಂದ ಅದರ ಕಾಲು ಕಂಡರೆ ಸಾಕು, ನಾವು ತಿರುಗಿ ಸೇತುವೆ ದಾರಿಯ ಬಸ್ಸು ಹಿಡಿಯುತ್ತಿದ್ದೆವು. ಸುತ್ತು ದಾರಿಯೇ, ಆದರೂ ಮಧ್ಯಾಹ್ನಕ್ಕೆ ಆಚೆ ದಡ ಸೇರುತ್ತಿದ್ದೆವು. ಸ್ಟೂಲು ಮಗುಚುವುದು ಸಂಸ್ಥೆಯ ಘನತೆಗೆ ಕುಂದು ಎಂದು ತಾವು ಸುತ್ತೋಲೆ ಹೊರಡಿಸಿ, ಅದರ ಬದಲು ಈ ಬೋರ್ಡು ತೂಗುಹಾಕಿಸಿದಿರಿ. ಕಾರಣವನ್ನು ಬಾಯಿಬಿಟ್ಟು ಹೇಳುವುದೂ ನಿಷೇಧವಾಯಿತು.

ಆಚೆ ದಡದಲ್ಲಿ ಅಕ್ಕ ಇದ್ದಳು. ನನಗೆ ಅವಳು, ಅವಳಿಗೆ ನಾನು, ಮತ್ತಾರೂ ಇರಲಿಲ್ಲ. ಎದೆನೋವು ಜಾಸ್ತಿಯಾದ ದಿನ ಬೆಳಿಗ್ಗೆ ಫೋನು ಮಾಡಿ, "ಬೇಗ ಬಾರೇ, ನಿನ್ನ ಹತ್ರ ಒಂದು ಮಾತು ಹೇಳೋದಿದೆ, ಫೋನಲ್ಲಿ ಬೇಡ" ಅಂದಳು. ಕೈಲಿದ್ದ ಬಟ್ಟೆಯನ್ನು ಮೆಷಿನ್ನಿನಲ್ಲೇ ಬಿಟ್ಟು ಓಡಿದೆ. ಬೋರ್ಡು ತೂಗುತ್ತಿತ್ತು. ಹೊಳೆ ಮಾತ್ರ ಇಸ್ತ್ರಿ ಹಾಕಿದ ಹಾಗೆ ಸಪಾಟಾಗಿತ್ತು. ಇಂಥ ನೀರಿನಲ್ಲಿ ಪ್ರತಿಕೂಲ ಎಷ್ಟು ಹೊತ್ತು ತಾನೇ ಇದ್ದೀತು, ಈಗ ಬಿಡುತ್ತಾರೆ, ಇನ್ನೇನು ಬಿಟ್ಟರು ಎಂದು ಕಾದೆ. ಟಿಕೆಟಿನವರನ್ನು ಕೇಳಿದರೆ ಕಣ್ಣು ತಪ್ಪಿಸಿ, "ಬೋರ್ಡಲ್ಲಿ ಇರೋದಷ್ಟೇ ನಾನು ಹೇಳಬೇಕಮ್ಮ" ಅಂದರು. ಸಂಜೆ ಕಿಟಕಿ ಮುಚ್ಚುವಾಗ ಪಾಪ ತಡೆಯಲಾರದೆ ಹೇಳಿಬಿಟ್ಟರು. ಎಂಜಿನ್ನನ್ನು ಬೆಳಿಗ್ಗೆಯೇ ಬಿಚ್ಚಿ ರಿಪೇರಿಗೆ ಕಳಿಸಿಯಾಗಿತ್ತಂತೆ.

ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅಕ್ಕ ಇರಲಿಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದಳೆಂದು ಪಕ್ಕದ ಮನೆಯಾಕೆ ಹೇಳಿದರು. ಆ ಒಂದು ಮಾತು ಏನಿತ್ತೋ, ಗೊತ್ತಿಲ್ಲ. ಬೀಗದ ಕೈ ಎಲ್ಲಿದೆ ಎನ್ನುವುದೇ ಇದ್ದಿರಬಹುದು. ಅದನ್ನಾದರೂ ಅವಳ ಬಾಯಿಂದ ಕೇಳಬೇಕಿತ್ತು.

ನನ್ನ ದೂರಿಗೆ ತಮ್ಮ ಉತ್ತರ ಬಂದಿದೆ: "ತಮಗಾದ ಅಡ್ವರ್ಸ್ ಅನುಭವಕ್ಕೆ ವಿಷಾದಿಸುತ್ತೇವೆ." ಕೆಟ್ಟ ಎಂಜಿನ್ನಿಗೆ ಹಾಕಿದ ಪದವನ್ನೇ ನನ್ನ ಅಕ್ಕನಿಗೂ ಹೊದಿಸಿದಿರಿ. ಇದನ್ನು ಬರೆದವರ ಮನೆಯಲ್ಲಿ ಸಾವಾದರೆ ಅವರು ಏನೆಂದು ಅಳುತ್ತಾರೆ?

ಬೋರ್ಡು ಇಳಿಸಿ, ಸ್ಟೂಲು ಮಗುಚಲು ಬಿಡಿ. "ಎಂಜಿನ್ ಕೆಟ್ಟಿದೆ, ಇವತ್ತು ದೋಣಿ ಇಲ್ಲ" ಎನ್ನಲು ಟಿಕೆಟಿನವರಿಗೆ ಅಪ್ಪಣೆ ಕೊಡಿ. ಅಲ್ಲಿಯವರೆಗೆ ಆ ಕೆಲಸ ನಾನೇ ಮಾಡುತ್ತಿರುತ್ತೇನೆ. ರಜೆಯ ದಿನ ಮನೆಯಲ್ಲಿ ಕೂತರೆ ಅಕ್ಕನ ಫೋನು ಬರುತ್ತಿದ್ದ ಹೊತ್ತು ಕಳೆಯುವುದೇ ಇಲ್ಲ. ಹಾಗಾಗಿ ಕಡವಿಗೆ ಬಂದು ಕೂರುತ್ತೇನೆ. ಬೋರ್ಡು ನೋಡುತ್ತಾ ನಿಂತವರಿಗೆ, ಕಾಯಬೇಡಿ, ಬಸ್ಸಿಗೆ ಹೋಗಿ ಎನ್ನುತ್ತೇನೆ. ಅವರೆಲ್ಲ ಹೋಗುತ್ತಾರೆ. ನಾನು ಕೂತಿರುತ್ತೇನೆ.

ಇಂತಿ,
ಆಚೆ ದಡದಲ್ಲಿ ಈಗ ಯಾರೂ ಇಲ್ಲದ ತಮ್ಮ ಕಾಯಂ ಪ್ರಯಾಣಿಕಳು