ಎರಡು ವರ್ಷ ಮಂಡ್ಯ ಬಿಡುವುದಿಲ್ಲ

ಅಪ್ಪ,

ನೀವು ಬ್ಯುಸಿ ಇರುವಾಗ ಬರೆಯುತ್ತಿದ್ದೇನೆ, ಸಾರಿ. ಇದನ್ನು ಕಳಿಸುವುದಿಲ್ಲ, ಹಾಗಾಗಿ ನಿಮ್ಮ ಟೈಮ್ ವೇಸ್ಟ್ ಆಗುವುದಿಲ್ಲ.

ನೀವು ಬಿಟ್ಟುಹೋದ ಟಿಫನ್ ಬಾಕ್ಸ್ ತರಲು ಇವತ್ತು ನೀವು ಮ್ಯಾನೇಜರ್ ಆಗಿದ್ದ ನಮ್ಮ ಕಾಲೇಜಿನ ಸ್ಟಾರ್ಟಪ್ ಇನ್‌ಕ್ಯುಬೇಟರ್‌ಗೆ ಹೋಗಿದ್ದೆ. ಕಂಪನಿ ಶುರು ಮಾಡಲು ಜಾಗ ಕೇಳಿದವರಿಂದ "ಎರಡು ವರ್ಷ ಮಂಡ್ಯ ಬಿಡುವುದಿಲ್ಲ" ಅಂತ ಸಹಿ ಹಾಕಿಸುತ್ತಿದ್ದಿರಲ್ಲ, ಆ ಫಾರಂ ಇನ್ನೂ ಇದೆ. ಬೆಲ್ಲದ ಪುಡಿ ಮಾಡುವ ಮದ್ದೂರಿನ ಕಿಟ್ಟು ಸಹಿ ಹಾಕುತ್ತಾ ನಕ್ಕ: "ಇದ್ನ ಬರ್ದೋರೇ ಎಂಟ್ ತಿಂಗ್ಳಿಗೆ ಕೆಲ್ಸ ಬುಟ್ಟು, ಇನ್ನೊಂದ್ ಕಂಪ್ನಿ ಕಟ್ತೀನಂತ ಉಬ್ಬಳ್ಳಿಗೆ ಓಡೋದ್ರು ಕಣಮ್ಮ. ನಿಮ್ಮಪ್ಪನ ತಾವ ಯಾರೂ ಸಹಿ ಆಕಿಸ್ಕೊಳ್ಳಿಲ್ವಾ?" ಎಲ್ಲರ ಜೊತೆ ನಾನೂ ನಕ್ಕೆ.

ನೀವು ಮೊದಲು ಕಟ್ಟಿದ ಮೂರು ಕಂಪನಿಗಳ ಕಾಲವೆಲ್ಲ ನಾನು ಹಾಸ್ಟೆಲಿನಲ್ಲಿದ್ದೆ. "ಈ ಸಲ ಸಂಬಳದ ಕೆಲಸ, ಸಂಜೆ ಆರಕ್ಕೆ ಮನೆ" ಅಂದಿರಿ ಅಂತಲೇ ಬೇರೆ ಊರಿನ ಸೀಟು ಬಿಟ್ಟು ಈ ಕಾಲೇಜಿಗೆ ಸೇರಿದೆ. ನಾನು ಬಂದ ಮೇಲೆ ಇಲ್ಲಿನ ಗುತ್ತಲು ಬಡಾವಣೆಯ ಮನೆಯಲ್ಲಿ ನಾವಿಬ್ಬರೂ ಐವತ್ತು ದಿನ ಇದ್ದೆವು. ನೀವು ಹೊರಟಾಗ ಹೊಸ ಕಂಪನಿಯ ಐಡಿಯಾ ಏನು ಅಂತ ನಾನು ಕೇಳಲೂ ಇಲ್ಲ.

ವಾರ್ಡನ್ ಪದ್ಮಮ್ಮ ಮೇಡಂ ಹಾಸ್ಟೆಲ್ ಫಾರಂ ಕೊಟ್ಟಿದ್ದಾರೆ. ರೂಮು ಒಂದು ಸೆಮಿಸ್ಟರಿಗೋ, ನಾಲ್ಕೂ ವರ್ಷಕ್ಕೋ ಅಂತ ತಂದೆಯೇ ಬರೆಯಬೇಕಂತೆ. ಶುಕ್ರವಾರ ಕೊನೆ ದಿನ. ಇದೊಂದನ್ನು ಮಾತ್ರ ಮೆಸೇಜ್ ಮಾಡುತ್ತೇನೆ: ಯಾವುದು ಅಂತ ಬೇಗ ತಿಳಿಸಿ.