ಲಾರಿ ಶೆಡ್ಡಿಗೆ ಬಂದ ಎರಡು ಕಂಬ

ಮನೆಯಿಂದ, ಜೂನ್ ಹನ್ನೊಂದು, ಬೆಳಿಗ್ಗೆ

ಪ್ರೀತಿಯ ಚೂಟಿ,

ಹೇಗಿದ್ದೀಯೆ ಮಗಳೇ? ಸೋದರತ್ತೆಯ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೀಯ ತಾನೆ? ಮಾವನ ಆಫೀಸಿನಲ್ಲಿ ದಿನವಿಡೀ ಫೋನು ಎತ್ತಿ ಎತ್ತಿ ಕುತ್ತಿಗೆ ಹಿಡಿದುಕೊಂಡಿದೆ ಎಂದು ಬರೆದಿದ್ದೆ. ಇಲ್ಲಿ ರಿಪೇರಿಗೆಂದು ಕಾರಿನಡಿ ಅರ್ಧ ದಿನ ಮಲಗಿದರೂ ಹಿಡಿಯದ ಕುತ್ತಿಗೆ ಕುರ್ಚಿಯಲ್ಲಿ ಕೂತರೆ ಹಿಡಿಯುತ್ತದೆಂದರೆ ತಪ್ಪು ಕುತ್ತಿಗೆಯದಲ್ಲ. ನನ್ನ ಮಂಡಿಯ ಸುದ್ದಿ ಕೇಳಬೇಡ. ಅದು ಯಾರ ಮಾತೂ ಕೇಳುವುದಿಲ್ಲ, ನಾನೂ ಅಷ್ಟೆ.

ಜಾಕು ಜಾರಿ ಕಾರು ನಿನ್ನ ಕಾಲಿನ ಪಕ್ಕದಲ್ಲೇ ಕುಸಿದ ದಿನ ನಿನ್ನಪ್ಪ ಶೆಡ್ಡಿಗೆ ಬೀಗ ಜಡಿದು, "ಹೆಣ್ಮಗೂಗೆ ಇದೆಲ್ಲ ಬೇಡ ಅಂತ ಎಷ್ಟು ಸಲ ಬಡ್ಕೊಂಡೆ!" ಎಂದು ನಿನ್ನನ್ನು ಬಸ್ಸು ಹತ್ತಿಸಿದನಲ್ಲ, ಆಗ ಅವನು ಹೆದರಿದ್ದ. ಅದಕ್ಕೇ ನಾನು ಅಡ್ಡ ಬರಲಿಲ್ಲ. ಆದರೆ ಹೆದರಿಕೆ ಇಳಿದ ಮೇಲೂ ಅವನು ಬೀಗ ತೆಗೆಯಲಿಲ್ಲ. ತಪ್ಪು ಜಾಕಿನದ್ದಾದರೆ ಜಾಕನ್ನು ಬದಲಾಯಿಸಬೇಕು, ಹುಡುಗಿಯನ್ನಲ್ಲ. ಶೆಡ್ಡು ನಿಮ್ಮ ತಾತ ಲಾರಿ ನಿಲ್ಲಿಸಲು ಕಟ್ಟಿಸಿದ್ದು, ಇಂದಿಗೂ ನನ್ನದು. ಬೀಗ ಒಡೆಸಿ, ಕಾರೆತ್ತುವ ಲಿಫ್ಟು ಮಾರುವ ಅಂಗಡಿಗೆ ಕೋಲೂರಿಕೊಂಡು ಹೋದೆ. ದುಡ್ಡೆಲ್ಲಿಂದ ಬಂತೆಂದು ಕೇಳಬೇಡ, ಕದ್ದದ್ದಲ್ಲ.

ಅಂಗಡಿಯವನು ನಾಲ್ಕು ಕಂಬದ್ದನ್ನು ತೋರಿಸಿ, "ಇದು ತಗೊಳ್ಳಿ ಅಜ್ಜಿ, ಮೇಲೊಂದು ಕೆಳಗೊಂದು ಕಾರು ನಿಲ್ಲಿಸ್ಬಹುದು" ಎಂದ. ಅದರಲ್ಲಿ ಕಾರು ಹಲಗೆಗಳ ಮೇಲೆ ಚಕ್ರವೂರಿ ನಿಲ್ಲುತ್ತದೆ. ಚಕ್ರ ಬಿಚ್ಚಿ ಬ್ರೇಕು ನೋಡಬೇಕೆಂದರೆ ಚಕ್ರ ಗಾಳಿಯಲ್ಲಿ ತೂಗಬೇಕು ಎಂದು ಊಟದ ತಟ್ಟೆಯ ಮೇಲೆ ಚಮಚ ಎತ್ತಿಟ್ಟು ನೀನೇ ತೋರಿಸಿದ್ದೆಯಲ್ಲ! ಕಾರಿನ ಹೊಟ್ಟೆಗೆ ತೋಳು ಕೊಟ್ಟು ಎತ್ತುವ ಎರಡು ಕಂಬದ್ದೇ ಬೇಕು ಎಂದೆ. "ಅದಕ್ಕೆ ಸೂರು ಎತ್ತರ ಬೇಕಾಗುತ್ತೆ" ಎಂದ. "ಲಾರಿ ನಿಂತಿದ್ದ ಶೆಡ್ಡಪ್ಪಾ, ಒಂಟೆ ಬೇಕಾದ್ರೂ ನಿಲ್ಲುತ್ತೆ" ಎಂದೆ.

ಸೂರು ಒಪ್ಪಿತು, ನೆಲ ಒಪ್ಪಲಿಲ್ಲ. ಮೇಸ್ತ್ರಿ ತೂತು ಕೊರೆದು ನೋಡಿದರೆ ಎರಡು ಬೆರಳು ಕಾಂಕ್ರೀಟು, ಕೆಳಗೆಲ್ಲ ಮಣ್ಣು. ಅಷ್ಟು ತೆಳುವಿಗೆ ಬೋಲ್ಟು ಕಚ್ಚುವುದಿಲ್ಲ, ಕಂಬವೇ ಕಿತ್ತುಕೊಂಡು ಬರುತ್ತದೆ. ನಿನ್ನಪ್ಪನಿಗೆ ಹಬ್ಬ. "ನೋಡಿದ್ಯಾಮ್ಮ? ನೆಲವೇ ಬೇಡ ಅಂತಿದೆ." ಬೇಡ ಅನ್ನುವ ನೆಲವನ್ನು ಒಡೆಸುತ್ತೇನೆ ಎಂದೆ. ಒಡೆಸಿದೆ. ಕಬ್ಬಿಣ ಕಟ್ಟಿಸಿ ಗೇಣು ದಪ್ಪ ಕಾಂಕ್ರೀಟು ಹಾಕಿಸಿದೆ. ಬಾಣಂತಿಯನ್ನು ನೋಡಿಕೊಂಡ ಹಾಗೆ ಅದನ್ನು ನೋಡಿಕೊಂಡೆ. ಹೊತ್ತು ಹೊತ್ತಿಗೆ ನೀರು, ಯಾರೂ ತುಳಿಯುವಂತಿಲ್ಲ. ಒಂದು ತಿಂಗಳು ನಿನ್ನಪ್ಪ ನನ್ನ ಜೊತೆ ಮಾತು ಬಿಟ್ಟ.

ಮೊನ್ನೆ ಕಂಬಗಳು ನಿಂತವು. ಎತ್ತಿ ನೋಡಲು ಎದುರುಮನೆ ಟೀಚರು ತಮ್ಮ ಕಾರನ್ನು ಕೊಟ್ಟರು. ಅಂಗಡಿಯ ಫಿಟ್ಟರು ಗುಂಡಿ ಒತ್ತಿದ. ಕಾರು ಮೇಲೇರಿದಂತೆಲ್ಲ ಕಂಬದೊಳಗಿನ ಕೊಕ್ಕೆ ಟಕ್, ಟಕ್ ಎಂದು ಬೀಳುತ್ತಿತ್ತು. ಕರೆಂಟು ಹೋದರೂ ಎಣ್ಣೆ ಸೋರಿದರೂ ಕಾರು ಆ ಕೊಕ್ಕೆಯ ಮೇಲೆ ನಿಲ್ಲುತ್ತದಂತೆ. "ಅಂತೆ" ಸಾಕಾಗಲಿಲ್ಲ ನನಗೆ. ಕೋಲು ಗೋಡೆಗೊರಗಿಸಿ ಕಾರಿನಡಿ ಹೋಗಿ ನಿಂತೆ. ಬಾಗಿಲಲ್ಲಿ ನಿನ್ನಪ್ಪ, "ಅಮ್ಮಾ, ಈಚೆ ಬಾ! ನಿನ್ ದಮ್ಮಯ್ಯ!" ಎಂದ. ಎಷ್ಟು ದಿನದ ಮೇಲೆ ಅಮ್ಮಾ ಎಂದಿದ್ದ! ಆದರೂ ಜಗ್ಗಲಿಲ್ಲ. "ನನ್ ಮೊಮ್ಮಗಳು ನಿಲ್ಲೋ ಜಾಗ ಇದು. ಮೊದಲು ನಾನು ನಿಂತು ನೋಡ್ತೀನಿ. ಧೈರ್ಯ ಇದ್ರೆ ನೀನೂ ಬಾ" ಎಂದೆ. ಬರಲಿಲ್ಲ. ಆದರೆ ಹೋಗಲೂ ಇಲ್ಲ, ನಾನು ಈಚೆ ಬರುವವರೆಗೂ ಅಲ್ಲೇ ನಿಂತಿದ್ದ.

ಅತ್ತೆ, ಮಾವನಿಗೆ ನನ್ನ ನೆನಪು ಹೇಳು. ನೂರು ಕಾಲ ಬಾಳು, ಯಾರಿಗೂ ತಲೆ ತಗ್ಗಿಸದೆ ಬಾಳು.

ನಿನ್ನ ಅಜ್ಜಿ

ಮರೆತಿದ್ದೆ: ಸೋಮವಾರ ನಿನ್ನನ್ನು ಆ ಆಫೀಸಿನಲ್ಲಿ ಕಾಯಂ ಮಾಡುತ್ತಾರಂತೆ, ಸಹಿ ಹಾಕಬೇಕಂತೆ. ಹಾಕಬೇಡ. ಟೀಚರ ಕಾರಿನ ಬ್ರೇಕು ಕೀರಲು ಸದ್ದು ಮಾಡುತ್ತದೆ, ನೀನೇ ರಿಪೇರಿ ಮಾಡುತ್ತೀಯೆಂದು ಮಾತು ಕೊಟ್ಟಿದ್ದೇನೆ. ಕಾರು ಇನ್ನೂ ಮೇಲೇ ಇದೆ, ಇಳಿಸಿಲ್ಲ. ಪಾಪ, ಅವರು ಬಸ್ಸಿನಲ್ಲಿ ಓಡಾಡುತ್ತಿದ್ದಾರೆ. ಬೇಗ ಬಾ.