ರತೀಶನ ಗೇಮಿಗೆ ಹಾಕಿದ ಅಪ್‌ಡೇಟ್

ಕೋಡಿ, ಕುಂದಾಪುರ
೨ ಆಗಸ್ಟ್ ೨೦೨೫

ಪ್ರೀತಿಯ ತಂಗಿ ಚಂದನಾ,

ನೀನು, ಭಾವ, ಮನೀಷ ಎಲ್ಲರೂ ಸೌಖ್ಯವೇ? ಡೊಂಬಿವಲಿಯ ಮಳೆಗೆ ಲೋಕಲ್ ರೈಲು ನಿಂತರೆ ನಡೆದೇ ಮನೆ ಸೇರುವ ಜಾತಿ ನಿನ್ನದು, ಮೊಣಕಾಲು ಈಗ ಹೇಗಿದೆ ಬರೆ. ಇಲ್ಲಿ ನಾನೂ ನಿನ್ನ ಅತ್ತಿಗೆ ಗಿರಿಜಾಳೂ ಚೆನ್ನಾಗಿದ್ದೇವೆ. ಅಮ್ಮನ ವಿಚಾರ ಮುಂದೆ ಬರುತ್ತದೆ. ಫೋನ್ ಅಂಗಡಿ ಇಟ್ಟುಕೊಂಡವನು ಕಾಗದ ಬರೆದನಲ್ಲ ಎಂದು ನಗಬೇಡ. ನಿನಗೆ ಫೋನ್ ಮಾಡಿದರೆ ಸಾಕು, ಅಮ್ಮ ಅಡಿಗೆಮನೆಯಿಂದ ಬಂದು ಸ್ಪೀಕರ್ ಹಾಕಿಸುತ್ತಾಳೆ. ವಾಟ್ಸಾಪಿನಲ್ಲಿ ಬರೆದರೆ ಮನೀಷ ನಿನಗಿಂತ ಮೊದಲು ಓದಿ ಅಜ್ಜಿಗೆ ವರದಿ ಒಪ್ಪಿಸುತ್ತಾನೆ. ಗುಟ್ಟು ಉಳಿಯುವುದು ಈಗ ಅಂಚೆಯಲ್ಲಿ ಮಾತ್ರ.

ನೀನು ಕಳಿಸಿದ ಫೋಟೋ ನೋಡಿದೆ. ‘ಚೌತಿಗೆ ಬರುವಾಗ ಅಂಥವೇ ಎರಡು ವಿಡಿಯೋ ಗೇಮ್ ತರುತ್ತೇನೆ, ಒಂದು ಮನೀಷನಿಗೆ, ಇನ್ನೊಂದು ರತೀಶನ ಹಳೆಯದರ ಬದಲಿಗೆ ಅಮ್ಮನ ಹತ್ತಿರ ಇಡಲಿಕ್ಕೆ’ ಎಂದಿದ್ದೀ. ಸ್ವಲ್ಪ ತಡೆ. ಕೈಯಲ್ಲಿ ಹಿಡಿದು ಹಳೇ ಕಾಲದ ಆಟ ಆಡುವ ಈ ಅಗ್ಗದ ಯಂತ್ರಗಳ ಹಣೆಬರಹ ನನಗೆ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ಚಾರ್ಜರ್ ಕವರ್ ಹರಡಿಕೊಂಡು ಕೂತು, ಅಲ್ಲಿಂದ ಅಂಗಡಿಗೆ ಏರಿದವನು ನಾನು. ಇವತ್ತು ನಗುತ್ತಾ ಕೊಂಡುಹೋದ ಗಿರಾಕಿ ಯಾವಾಗ ಬೈಯಲು ಬರುತ್ತಾನೆ ಎಂದು ಪೆಟ್ಟಿಗೆ ನೋಡಿಯೇ ಹೇಳಬಲ್ಲೆ. ನೀನು ಮರುಳಾದದ್ದು ಹೊಳೆಯುವ ಪರದೆಗೆ, ಮತ್ತೆ ‘ಹತ್ತು ಸಾವಿರ ಆಟ’ ಎಂಬ ಬರಹಕ್ಕೆ. ಅದರೊಳಗೆ ಒಂದೇ ಆಟ ಬೇರೆ ಬೇರೆ ಹೆಸರಿನಲ್ಲಿ ಕೂತಿರುತ್ತದೆ. ಬೈಂದೂರಿನ ಮಾಸ್ತರೊಬ್ಬರು ಮಗನಿಗೆಂದು ಅಂಥದ್ದನ್ನೇ ಒಯ್ದರು. ಮೆಮೊರಿ ಕಾರ್ಡ್ ಸತ್ತಿತು. ಸಾಫ್ಟ್‌ವೇರ್ ಮತ್ತೆ ಹಾಕಿಕೊಡೋಣವೆಂದರೆ ಅದು ಎಲ್ಲೂ ಇಲ್ಲ. ಮಾಡಿದ ಕಂಪನಿ ಅಷ್ಟರಲ್ಲಿ ಹೆಸರು ಬದಲಿಸಿ ಬೇರೆ ಬಣ್ಣದ್ದನ್ನು ಮಾರುತ್ತಿತ್ತು. ಬ್ರಹ್ಮಾವರದ ಒಬ್ಬ ಹುಡುಗಿ ಅದೇ ಬೆಲೆಗೆ ಮಂಕು ಪರದೆಯದ್ದು ಒಯ್ದಿದ್ದಳು, ಅದು ಇವತ್ತಿಗೂ ಓಡುತ್ತಿದೆ. ಯಾಕೆಂದರೆ ಅದರ ಹಿಂದೆ ಜನ ಇದ್ದಾರೆ. ಯಾವ್ಯಾವುದೋ ದೇಶದಲ್ಲಿ ಕೂತು, ಯಾರೂ ಸಂಬಳ ಕೊಡದಿದ್ದರೂ, ದೋಷ ಹುಡುಕಿ ತಿದ್ದಿ ಹೊಸ ಸಾಫ್ಟ್‌ವೇರ್ ಬಿಡುತ್ತಲೇ ಇರುತ್ತಾರೆ. ಹೆಣ್ಣು ಕೊಡುವಾಗ ಹುಡುಗನ ಮೂಗು ನೋಡಿ ಕೊಡುವುದಿಲ್ಲ, ಮನೆಯವರು ಎಂಥವರು ಎಂದು ವಿಚಾರಿಸುತ್ತೇವಲ್ಲ, ಇದೂ ಹಾಗೆ. ಮೂಗು ನೋಡಿದ್ದರೆ ನಿನ್ನ ಮದುವೆಯೇ ಆಗುತ್ತಿರಲಿಲ್ಲ. ಈ ಸಾಲನ್ನು ಭಾವನಿಗೆ ಓದಬೇಡ.

ತಮ್ಮನಾದರೂ ಈ ಪಾಠ ನನಗೆ ಹೇಳಿದವನು ನಮ್ಮ ರತೀಶನೇ. ಅವನು ದುಡಿಯುತ್ತಿದ್ದ ಮೀನಿನ ಬೋಟು ಕಡಲಿಗೆ ಹೋದ ಮೇಲೆ ನೆಟ್‌ವರ್ಕ್ ಇಲ್ಲ, ಅವನಿಗೆ ಹೊತ್ತು ಹೋಗಲು ಏನಾದರೂ ಬೇಕಿತ್ತು. ‘ಅಣ್ಣಾ, ಚೆಂದದ್ದ್ ಬ್ಯಾಡ, ಹಿಂದೆ ಜನ ಇಪ್ಪುದ್ ಕೊಡ್’ ಎಂದು ನನ್ನ ಅಂಗಡಿಯಲ್ಲಿ ನನಗೇ ಬುದ್ಧಿ ಹೇಳಿ ಒಯ್ದ. ಅದರಲ್ಲಿ ಅವನು ಆಡುತ್ತಿದ್ದುದು ಒಂದೇ ಆಟ: ಕೆರೆಯ ದಂಡೆಯಲ್ಲಿ ನಿಂತ ಹುಡುಗ ಗಾಳ ಹಾಕಿ ಮೀನು ಹಿಡಿಯುವುದು. ‘ಇಡೀ ದಿನ ಮೀನ್ ಹಿಡ್ದ್ ಬಂದದ್ದ್ ಸಾಕಾಯ್ಲಿಲ್ಯಾ ಮಾರಾಯ, ಇಲ್ಲೂ ಮೀನಾ’ ಎಂದು ಅಮ್ಮ ಗೇಲಿ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬೋಟು ಮಗುಚಿದಾಗ ಆ ಗೇಮ್ ನನ್ನ ಅಂಗಡಿಯಲ್ಲಿ ಚಾರ್ಜಿಗೆ ಇತ್ತು. ರತೀಶ ಶಿರೂರಿನ ದಡದಲ್ಲಿ ಹೆಣವಾಗಿ ಸಿಕ್ಕ. ಆಟದೊಳಗಿನ ಹುಡುಗ ಅವನು ಬಿಟ್ಟಲ್ಲೇ, ಗಾಳ ನೀರಿಗೆ ಇಳಿಸಿಕೊಂಡು ಇನ್ನೂ ನಿಂತಿದ್ದಾನೆ.

ಊರವರು ಸತ್ತವರಿಗೆ ವರ್ಷಕ್ಕೊಮ್ಮೆ ಬಡಿಸಿದರೆ ನಮ್ಮ ಅಮ್ಮ ಅವನಿಗೆ ಪ್ರತಿ ಅಮಾವಾಸ್ಯೆಗೆ ಬಡಿಸುವುದು ನಿನಗೆ ಗೊತ್ತಿದ್ದದ್ದೇ. ಒಳಕೋಣೆಯಲ್ಲಿ ಬಾಳೆಲೆ, ಅನ್ನ, ಮೀನು ಸಾರು ಇಟ್ಟು ಬಾಗಿಲು ಹಾಕಿ ನಾವೆಲ್ಲ ಹೊರಗೆ ಕೂರುವುದು; ಒಬ್ಬರು ಉಣ್ಣುವಷ್ಟು ಹೊತ್ತು ಬಿಟ್ಟು, ಬಂದವರು ಎದ್ದು ಹೋಗಲೆಂದು ಬಾಗಿಲು ತಟ್ಟಿ, ಆಮೇಲೆ ತೆರೆಯುವುದು; ಎಲೆಯಲ್ಲಿದ್ದದ್ದನ್ನು ನಾವು ಹಂಚಿಕೊಂಡು ಉಣ್ಣುವುದು. ನಿನಗೆ ಹೇಳದೆ ಇದ್ದದ್ದು ಇದು. ಕಳೆದ ದೀಪಾವಳಿಯಿಂದ ಅಮ್ಮ ಎಲೆಯ ಪಕ್ಕ ಆ ಗೇಮನ್ನೂ ಇಡುತ್ತಿದ್ದಾಳೆ, ಪರದೆ ಆರಿಸಿ. ಮೊದಲ ಸಲ ಬಾಗಿಲು ತೆರೆದಾಗ ಅದು ಕತ್ತಲೆ ಕೋಣೆಯಲ್ಲಿ ಹೊತ್ತಿಕೊಂಡಿತ್ತು. ಕೆರೆ, ಹುಡುಗ, ಟಿಣ್ ಟಿಣ್ ಎಂಬ ಸಂಗೀತ. ಒಳಗೆ ಯಾರೂ ಹೋಗಿರಲಿಲ್ಲ. ಗಿರಿಜಾ ಹೊಸಿಲು ದಾಟಲೇ ಇಲ್ಲ. ಅಮ್ಮ ಮಾತ್ರ, ಮಗ ಬೋಟು ಕಟ್ಟುವ ದಕ್ಕೆಯಿಂದ ಮನೆಗೆ ಬಂದದ್ದನ್ನು ಹೇಳುವ ಹಾಗೆ, ‘ಉಂಡ್ಕಂಡ್ ಆಡ್ತಿದ್ದ’ ಎಂದಳು. ಮುಂದಿನ ಅಮಾವಾಸ್ಯೆಗೂ ಹಾಗೇ, ಅದರ ಮುಂದಿನದಕ್ಕೂ ಹಾಗೇ. ಪಕ್ಕದ ಮನೆಯ ಐತಣ್ಣ, ‘ಹ್ವಾಯ್ ಸುಧಾಕರ, ನಿನ್ ತಮ್ಮ ಸತ್ತ್ ಮೇಲೂ ಕರೆಂಟ್ ಖರ್ಚ್ ಮಾಡ್ತ ಅಂಬ್ರಲ’ ಎಂದು ತಮಾಷೆ ಮಾಡಿದ. ಮಾಡಿದವನು ಆಮೇಲೆ ಹರಟೆಗೆ ನಮ್ಮ ಜಗಲಿ ಹತ್ತಿಲ್ಲ.

ನನ್ನದು ವ್ಯಾಪಾರಿಯ ತಲೆ, ಹೆದರಿಕೆಗೂ ಕಾರಣ ಕೇಳುತ್ತದೆ. ಹುಡುಕಿದೆ. ಆ ಸಾಫ್ಟ್‌ವೇರ್ ಮಾಡುವವರು ತಮ್ಮ ಜಾಲತಾಣದಲ್ಲಿ ಬರೆದೇ ಇಟ್ಟಿದ್ದಾರೆ: ಪೂರ್ತಿ ಆರಿಸದೆ ಪರದೆ ಮಾತ್ರ ಆರಿಸಿ ಮಲಗಿಸಿಟ್ಟ ಯಂತ್ರ ಕೆಲವೊಮ್ಮೆ ತಾನಾಗಿ ಎಚ್ಚರಗೊಳ್ಳುತ್ತದೆ, ಹೊಸ ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಗಿದೆ. ಓದಿ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಗಿರಿಜಾ ಆ ಕೋಣೆಗೆ ಗುಡಿಸಲಿಕ್ಕೂ ಹೋಗುವುದನ್ನು ಬಿಟ್ಟಿದ್ದಳಲ್ಲ, ಅವಳಿಗೊಂದು ಸಮಾಧಾನವಾಗಲಿ ಎಂದು ಜುಲೈಯಲ್ಲಿ, ಅಮ್ಮನಿಗೆ ಹೇಳದೆ, ಕಾರ್ಡಿನ ನಕಲು ತೆಗೆದಿಟ್ಟುಕೊಂಡು ಅಪ್‌ಡೇಟ್ ಹಾಕಿಬಿಟ್ಟೆ. ಕೆರೆ, ಹುಡುಗ, ಗಾಳ ಎಲ್ಲ ಇದ್ದಲ್ಲೇ ಇದ್ದವು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಆ ಅಮಾವಾಸ್ಯೆಗೆ ಬೋಟುಗಳೆಲ್ಲ ಮಳೆಗಾಲದ ಬಂದ್‌ನಲ್ಲಿದ್ದವು, ನಾಡದೋಣಿಯವರನ್ನೂ ಕಡಲು ಒಳಗೆ ಬಿಟ್ಟಿರಲಿಲ್ಲ. ಅಮ್ಮ ಸಂತೆಯಿಂದ ಐಸ್ ಹಾಕಿದ ಬಂಗುಡೆ ತಂದು ಸಾರು ಮಾಡಿ ಬಡಿಸಿದಳು. ಬಾಗಿಲು ತಟ್ಟಿ ತೆರೆದರೆ ಪರದೆ ಕಪ್ಪಗಿತ್ತು. ಅಮ್ಮ ಅದನ್ನು ಕೈಗೆತ್ತಿಕೊಂಡು ಸೆರಗಿನಲ್ಲಿ ಒರೆಸಿದಳು, ಮತ್ತೆ ಇಟ್ಟಳು. ಇನ್ನೊಮ್ಮೆ ಬಾಗಿಲು ಹಾಕಿಸಿ, ಮೊದಲಿಗಿಂತ ಹೆಚ್ಚು ಹೊತ್ತು ಕಾಯಿಸಿದಳು. ಆಮೇಲೆ ಹೇಳಿದ್ದು ಇಷ್ಟೇ: ‘ಐಸ್ ಮೀನ್ ಇಟ್ಟದ್ದಕ್ಕೆ ಬರ್ಲಿಲ್ಲ ಅವ. ತಪ್ಪ್ ನಂದೆ.’ ಎಲೆಯನ್ನು ನಮಗೂ ಕೊಡಲಿಲ್ಲ, ಹಾಗೇ ಎತ್ತಿ ಕಾಗೆಗೆ ಹಾಕಿದಳು. ಅಂದಿನಿಂದ ಅವಳ ಊಟ ಬರೀ ಗಂಜಿ, ಅದೂ ಅರ್ಧ ಬಟ್ಟಲು. ನಿನ್ನೆ ಬೋಟುಗಳು ಮತ್ತೆ ಹೊರಟವು. ಅಮಾವಾಸ್ಯೆ ಇನ್ನೂ ದೂರವಿದ್ದರೂ ಬೆಳಗಾಗುವ ಮೊದಲೇ ದಕ್ಕೆಗೆ ಹೋಗಿ, ಮೊದಲ ಮೀನು ಯಾರ ಬೋಟು ತರುತ್ತದೆ ಎಂದು ಕೇಳುತ್ತಾ ನಿಂತಿದ್ದಳಂತೆ. ಗಿರಿಜಾ ಮೊನ್ನೆ ಹೇಳಿದಳು, ‘ಅದ್ ಹೊತ್ಕಂಡಾಗ ಹೆದ್ರಿಕಿ ಆತಿತ್ತ್ ಮಾರಾಯ್ರೆ. ಈಗ ಅತ್ತೆ ಮುಖ ಕಂಡ್ರೆ ಅದ್ಕಿಂತ ಹೆದ್ರಿಕಿ ಆತ್ತ್.’

ಆದ್ದರಿಂದ ಮನೀಷನಿಗೆ ಪರದೆ ಮಂಕಾದರೂ ಹಿಂದೆ ಜನ ಇರುವುದನ್ನೇ ತೆಗೆ. ಹೆಸರು ಬರೆದು ಚೀಟಿ ಒಳಗೆ ಇಟ್ಟಿದ್ದೇನೆ. ಅಮ್ಮನಿಗೆ ಮಾತ್ರ ಯಾವುದನ್ನೂ ತರಬೇಡ. ನೀನು ನೋಡಿದ ಆ ಹೊಳೆಯುವ ಡಬ್ಬಿಗೆ ರತೀಶ ಉಳಿಸಿಟ್ಟ ಆಟ ಓದಲು ಬರುವುದಿಲ್ಲ. ಅದು ಮೊದಲಿನಿಂದ ಶುರು ಮಾಡುತ್ತದೆ. ಅಮ್ಮನಿಗೆ ಮೊದಲಿನಿಂದ ಶುರುವಾಗುವುದು ಬೇಕಾಗಿಲ್ಲ.

ಮನೀಷನ ತಲೆ ಸವರಿದೆನೆಂದು ಹೇಳು. ಭಾವನಿಗೆ ನನ್ನ ನಮಸ್ಕಾರ. ನಿನ್ನ ಮೊಣಕಾಲಿಗೆ ಅತ್ತಿಗೆ ಎಣ್ಣೆ ಕಾಯಿಸಿ ಇಟ್ಟಿದ್ದಾಳೆ. ಎಲ್ಲರನ್ನೂ ದೇವರು ಕಾಯಲಿ.

ನಿನ್ನ ಅಣ್ಣ
ಸುಧಾಕರ

ತಾ.ಕ.: ಕವರು ಅಂಟಿಸುವ ಮೊದಲು ಇಷ್ಟು. ಆ ಮಂದಿ ಹಳೆಯ ಆವೃತ್ತಿಗಳನ್ನೂ ಎಸೆಯದೆ ಇಟ್ಟಿದ್ದಾರೆ. ನಿನ್ನೆ ಬೆಳಿಗ್ಗೆ ನಾನು ಹಳೆಯದನ್ನೇ ಮತ್ತೆ ಹಾಕಿದೆ, ದೋಷ ಸಮೇತ. ಅಮ್ಮನಿಗೆ ಗೊತ್ತಿಲ್ಲ. ಪರೀಕ್ಷೆಗೆಂದು ಅದನ್ನು ಅಂಗಡಿಯ ಮೇಜಿನ ಮೇಲೆ ಮಲಗಿಸಿಟ್ಟಿದ್ದೇನೆ. ನಿನ್ನೆ ಇಡೀ ದಿನ, ಇವತ್ತು ಈ ಕಾಗದ ಬರೆದು ಮುಗಿಸುವವರೆಗೆ, ಒಂದು ಸಲವೂ ಎದ್ದಿಲ್ಲ. ‘ಕೆಲವೊಮ್ಮೆ’ ಎಂದೇ ಅವರು ಬರೆದಿದ್ದಾರೆ, ಸರಿ. ಆದರೆ ನಮ್ಮ ಮನೆಯಲ್ಲಿ ಅದು ಒಂದು ಅಮಾವಾಸ್ಯೆಯನ್ನೂ ತಪ್ಪಿಸಿರಲಿಲ್ಲ. ಇಪ್ಪತ್ತಮೂರಕ್ಕೆ ಅಮಾವಾಸ್ಯೆ. ಚೌತಿಯವರೆಗೆ ಕಾಯಬೇಡ, ಅದಕ್ಕೆ ಮೊದಲೇ ಹೊರಟು ಬಾ. ಆ ಬಾಗಿಲು ತಟ್ಟುವಾಗ ನೀನು ನನ್ನ ಪಕ್ಕದಲ್ಲಿರಬೇಕು.